ಲಘು ವಿಮಾನಗಳ ಇಂಧನ ಮಟ್ಟದ ಸೆನ್ಸರ್ ಮತ್ತು ಅದರ ಕ್ಯಾಲಿಬ್ರೇಷನ್

ಲಘು ವಿಮಾನದ ಟ್ಯಾಂಕಿನಲ್ಲಿ ಇಂಧನ ಎಷ್ಟು ಉಳಿದಿದೆ ಎಂಬುದನ್ನು ಪೈಲಟ್‌ನ ಎದುರಿನ ಗೇಜಿಗೆ ತಿಳಿಸುವ ಸಾಧನ ಇಂಧನ ಮಟ್ಟದ ಸೆನ್ಸರ್. ಅದು ಲೀಟರುಗಳನ್ನು ನೇರವಾಗಿ ಅಳೆಯುವುದಿಲ್ಲ. ತೇಲುಗುಂಡು ಎಷ್ಟು ಎತ್ತರದಲ್ಲಿದೆ, ಅಥವಾ ಟ್ಯಾಂಕಿನೊಳಗಿನ ಕೊಳವೆ ಎಷ್ಟು ಉದ್ದ ನೆನೆದಿದೆ, ಇಷ್ಟನ್ನೇ ಅದು ವಿದ್ಯುತ್ ಸಂಕೇತವಾಗಿ ಹೇಳಬಲ್ಲದು. ಆ ಸಂಕೇತವನ್ನು ಟ್ಯಾಂಕಿನಲ್ಲಿ ನಿಜವಾಗಿ ಇರುವ ಇಂಧನದ ಜೊತೆ ತಾಳೆ ನೋಡಿ, ಗೇಜು ಸರಿಯಾದ ಅಂಕಿ ತೋರುವಂತೆ ಹೊಂದಿಸುವ ಕೆಲಸಕ್ಕೆ ಕ್ಯಾಲಿಬ್ರೇಷನ್ ಎನ್ನುತ್ತಾರೆ. ಒಂದು ವಿಮಾನಕ್ಕೆ ಮಾಡಿದ ಕ್ಯಾಲಿಬ್ರೇಷನ್ ಇನ್ನೊಂದಕ್ಕೆ ಬರುವುದಿಲ್ಲ. ಒಂದೇ ವಿಮಾನದ ಎಡ ರೆಕ್ಕೆಯದು ಬಲ ರೆಕ್ಕೆಗೂ ಬರುವುದಿಲ್ಲ.

ಸಣ್ಣ ವಿಮಾನಗಳ ಗೇಜನ್ನು ನಂಬಬೇಡಿ ಎಂಬ ಮಾತು ಹಾರಾಟ ಶಾಲೆಗಳಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಗಡಿಯಾರ ನೋಡಿ, ಹೊರಡುವ ಮುನ್ನ ಟ್ಯಾಂಕಿಗೆ ಕಡ್ಡಿ ಇಳಿಸಿ ನೋಡಿ, ಗೇಜು ಅಲಂಕಾರಕ್ಕೆ ಎಂಬುದು ಅದರ ತಾತ್ಪರ್ಯ. ಮೊದಲ ಎರಡು ಮಾತು ಸರಿ, ಮೂರನೆಯದು ಅಪಾಯಕಾರಿ. ಮುಚ್ಚಳ ಸಡಿಲವಾಗಿ ಇಂಧನ ಗಾಳಿಗೆ ಹೀರಿಹೋಗುತ್ತಿದ್ದರೆ, ಕೊಳವೆಯಲ್ಲಿ ಸೋರಿಕೆ ಇದ್ದರೆ, ಅದು ಗಡಿಯಾರಕ್ಕೆ ತಿಳಿಯದು. ಕಡ್ಡಿ ನೆಲದ ಮೇಲೆ ಉಳಿದಿರುತ್ತದೆ. ಆಕಾಶದಲ್ಲಿ ಆ ಸುದ್ದಿ ಹೇಳಬಲ್ಲದ್ದು ಗೇಜು ಮಾತ್ರ. ಅದು ನಂಬಿಕೆಗೆ ಅರ್ಹವಾಗಬೇಕಾದರೆ ಯಾರಾದರೂ ಹ್ಯಾಂಗರಿನಲ್ಲಿ ಅರ್ಧ ದಿನ ಕೂತು ಅದನ್ನು ಸರಿಯಾಗಿ ಹೊಂದಿಸಿರಬೇಕು.

ಸೆನ್ಸರಿನ ಬಗೆಗಳು

ಎಲ್ಲಕ್ಕಿಂತ ಸರಳವಾದದ್ದು 1938ರಿಂದ 1947ರವರೆಗೆ ತಯಾರಾದ ಅಮೆರಿಕದ ಪೈಪರ್ ಜೆ-3 ಕಬ್ ವಿಮಾನದಲ್ಲಿತ್ತು. ಗಾಜಿನ ಮುಂದೆ, ಎಂಜಿನ್ನಿನ ಹಿಂದೆ 12 ಗ್ಯಾಲನ್ನಿನ ಟ್ಯಾಂಕು. ಅದರೊಳಗೆ ತೇಲುವ ಬಿರಡೆ. ಬಿರಡೆಗೆ ಸಿಕ್ಕಿಸಿದ ತಂತಿಯ ತುದಿ ಮುಚ್ಚಳದ ತೂತಿನಿಂದ ಹೊರಗೆ ಚಾಚಿಕೊಂಡಿರುತ್ತದೆ. ಇಂಧನ ಖರ್ಚಾದಂತೆ ತಂತಿ ಒಳಗಿಳಿಯುತ್ತದೆ. ವಿದ್ಯುತ್ತೇ ಇಲ್ಲದ ಈ ಮಾಪಕಕ್ಕೂ ಕ್ಯಾಲಿಬ್ರೇಷನ್ ಉಂಟು: ತಂತಿಯ ಉದ್ದ ಸರಿಯಿರಬೇಕು, ಬಿರಡೆ ಇಂಧನ ಹೀರಿ ಭಾರವಾಗಿರಬಾರದು. ಬಿರಡೆಗೆ ಬಳಿದ ಅರಗು ಕಿತ್ತುಹೋದರೆ ಅದು ನೆನೆದು ಕೆಳಗಿಳಿದು ತೇಲುತ್ತದೆ, ತಂತಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ತಪ್ಪುವುದೇ ಆದರೆ ಈ ಕಡೆಗೆ ತಪ್ಪುವುದು ಮೇಲು.

ಇವತ್ತಿಗೂ ಹೆಚ್ಚು ವಿಮಾನಗಳಲ್ಲಿ ಇರುವುದು ತೋಳಿನ ತುದಿಗೆ ಫ್ಲೋಟ್, ಅಂದರೆ ತೇಲುಗುಂಡು, ಕಟ್ಟಿದ ಸೆಂಡರ್. ತೋಳು ಏರಿ ಇಳಿದಂತೆ ಅದರ ಬುಡದಲ್ಲಿ ಒಂದು ಲೋಹದ ನಾಲಗೆ ರೆಸಿಸ್ಟೆನ್ಸ್ ತಂತಿಯ ಸುರುಳಿಯ ಮೇಲೆ ಜಾರುತ್ತದೆ. ಅಮೆರಿಕದ ಮೋಟಾರು ಉದ್ಯಮದಿಂದ ಬಂದ ಒಂದು ಸಾಮಾನ್ಯ ಮಾದರಿಯಲ್ಲಿ ಟ್ಯಾಂಕು ಖಾಲಿಯಿದ್ದಾಗ ಸುಮಾರು 240 ಓಮ್, ತುಂಬಿದಾಗ ಸುಮಾರು 33 ಓಮ್. ಈ ಅಂಕಿಗಳ ದಿಕ್ಕನ್ನು ಗಮನಿಸಬೇಕು. ತಂತಿ ತುಂಡಾದರೆ ರೆಸಿಸ್ಟೆನ್ಸ್ ಮಿತಿಮೀರಿ ಗೇಜು ಖಾಲಿ ಎನ್ನುತ್ತದೆ, ಪೈಲಟ್ ಎಚ್ಚರಾಗುತ್ತಾನೆ. ಅದೇ ತಂತಿಯ ಹೊದಿಕೆ ಸವೆದು ವಿಮಾನದ ಮೈಗೆ ತಗುಲಿ ಶಾರ್ಟ್ ಆದರೆ ಗೇಜು ಭರ್ತಿ ಎನ್ನುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ನಾಲಗೆ ಹೆಚ್ಚು ಓಡಾಡುವ ಕಡೆ ಸುರುಳಿ ಸವೆಯುತ್ತದೆ. ವರ್ಷಗಟ್ಟಲೆ ನಿಂತ ವಿಮಾನದಲ್ಲಿ ಕಿಲುಬು ಹಿಡಿಯುತ್ತದೆ. ಹಳೆಯ ಸೆಸ್ನಾಗಳಲ್ಲಿ ಮುಳ್ಳು ಒಂದು ಜಾಗದಲ್ಲಿ ಅಂಟಿಕೊಂಡು ಆಮೇಲೆ ದಿಢೀರನೆ ಜಿಗಿಯುವುದು ಸಾಮಾನ್ಯವಾಗಿ ಇದೇ ಕಾರಣದಿಂದ.

ಕೆಪ್ಯಾಸಿಟೆನ್ಸ್ ಮಾದರಿಯಲ್ಲಿ ಚಲಿಸುವ ಭಾಗವೇ ಇಲ್ಲ. ಒಂದರೊಳಗೊಂದು ನಿಂತ ಎರಡು ಲೋಹದ ಕೊಳವೆಗಳ ನಡುವೆ ಗಾಳಿ ಇದ್ದರೆ ಅವುಗಳ ವಿದ್ಯುತ್ ಧಾರಣಶಕ್ತಿ ಒಂದು ಪ್ರಮಾಣ. ಪೆಟ್ರೋಲು ತುಂಬಿದರೆ ಹೆಚ್ಚುಕಡಿಮೆ ಅದರ ಎರಡರಷ್ಟು. ನಡುವಿನ ಮಟ್ಟಕ್ಕೆ ನಡುವಿನ ಬೆಲೆ. ಮನೆಯಲ್ಲೇ ಕಟ್ಟಿಕೊಳ್ಳುವ ವ್ಯಾನ್ಸ್ ಆರ್‌ವಿ ವಿಮಾನಗಳಲ್ಲೂ ಈ ವಿಧಾನ ಬಳಕೆಯಲ್ಲಿದೆ. ಇತ್ತೀಚಿನ ಸಿರಸ್ ವಿಮಾನಗಳಲ್ಲಿ ಮೂರನೆಯ ಬಗೆ ಬಂದಿದೆ: ಫ್ಲೋಟ್ ತೋಳಿನ ಬುಡದಲ್ಲಿ ಆಯಸ್ಕಾಂತ, ಅದರ ಕೋನವನ್ನು ಮುಟ್ಟದೆಯೇ ಓದುವ ಎಲೆಕ್ಟ್ರಾನಿಕ್ಸ್. ಉಜ್ಜುವುದೇ ಇಲ್ಲವಾದ್ದರಿಂದ ಸವೆತದ ತಂಟೆಯೂ ಇಲ್ಲ.

ಎತ್ತರ ಒಂದು, ಪ್ರಮಾಣ ಇನ್ನೊಂದು

ಟ್ಯಾಂಕು ಚೌಕಾಕಾರದ ಡಬ್ಬಿಯಾಗಿದ್ದು ಸದಾ ನೆಟ್ಟಗೆ ನಿಂತಿದ್ದರೆ ಕ್ಯಾಲಿಬ್ರೇಷನ್ನಿಗೆ ಎರಡು ಗುರುತು ಸಾಕಿತ್ತು. ಬಹುತೇಕ ವಿಮಾನಗಳ ಟ್ಯಾಂಕು ಇರುವುದು ರೆಕ್ಕೆಯೊಳಗೆ. ಅದು ಚಪ್ಪಟೆ, ಮುಂದೆ ದಪ್ಪ, ಹಿಂದೆ ತೆಳು. ಜೊತೆಗೆ ರೆಕ್ಕೆ ಬುಡದಿಂದ ತುದಿಯ ಕಡೆಗೆ ಮೇಲಕ್ಕೆ ಓರೆಯಾಗಿರುತ್ತದೆ. ಪೈಪರ್ ಪಿಎ-28ರ ರೆಕ್ಕೆಯ ಓರೆ 7 ಡಿಗ್ರಿ. ಅಂದರೆ ಬುಡದಿಂದ ಪ್ರತಿ ಮೀಟರಿಗೆ ರೆಕ್ಕೆ ಸುಮಾರು 12 ಸೆಂಟಿಮೀಟರ್ ಏರುತ್ತದೆ. ಓರೆಯಾಗಿ ಹಿಡಿದ ತಟ್ಟೆಯಲ್ಲಿ ಸಾರು ಒಂದು ಮೂಲೆಗೆ ಸೇರುವಂತೆ, ಕೊನೆಕೊನೆಗೆ ಉಳಿದ ಇಂಧನವೆಲ್ಲ ರೆಕ್ಕೆಯ ಬುಡದಲ್ಲಿ ನಿಲ್ಲುತ್ತದೆ.

ಇದರಿಂದ ಎರಡು ತೊಡಕು. ಸೆನ್ಸರ್ ಬುಡದಲ್ಲಿದ್ದರೆ ಖಾಲಿಯಾಗುವ ಹೊತ್ತಿನ ಲೆಕ್ಕ ಚೆನ್ನಾಗಿ ಸಿಗುತ್ತದೆ. ಆದರೆ ಟ್ಯಾಂಕು ಪೂರ್ತಿ ತುಂಬುವ ಮೊದಲೇ ಫ್ಲೋಟ್ ಹೋಗಿ ಮೇಲಿನ ತಗಡಿಗೆ ತಾಗಿರುತ್ತದೆ. ಅಲ್ಲಿಂದಾಚೆ ಸುರಿದ ಇಂಧನವೆಲ್ಲ ಗೇಜಿಗೆ ಒಂದೇ: ಭರ್ತಿ. ಹೊರಟು ಅರ್ಧ ತಾಸಾದರೂ ಮುಳ್ಳು ಕದಲದಿರಬಹುದು, ಅದು ಕೆಟ್ಟಿದೆ ಎಂದಲ್ಲ. ಇನ್ನು ಇಂಧನ ತುಂಬುವ ಬಾಯಿ ಬುಡದಿಂದ ದೂರ ಇರುವ ವಿಮಾನದಲ್ಲಿ ಅಳತೆ ಕಡ್ಡಿ ತಳ ಮುಟ್ಟಿದರೂ ಒಣಗಿರುತ್ತದೆ, ಬುಡದಲ್ಲಿ ಮಾತ್ರ ಹಲವು ಲೀಟರ್ ಇರುತ್ತದೆ. ಮೇಲ್ಮಟ್ಟದಲ್ಲಿ ಕಡ್ಡಿ, ಕೆಳಮಟ್ಟದಲ್ಲಿ ಸೆನ್ಸರ್ ಹೀಗೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಬಾಲದ ಚಕ್ರದ ಮೇಲೆ ನಿಲ್ಲುವ ವಿಮಾನಗಳ ಪಾಡು ಬೇರೆ. ನೆಲದಲ್ಲಿ ಮೂತಿ ಮೇಲೆತ್ತಿ ನಿಂತಾಗ ಇಂಧನ ಟ್ಯಾಂಕಿನ ಹಿಂಬದಿಗೆ ಸರಿದಿರುತ್ತದೆ, ಹಾರುವಾಗ ಮುಂದಕ್ಕೆ ಬರುತ್ತದೆ. ಅಷ್ಟೇ ಇಂಧನಕ್ಕೆ ಎರಡು ಓದು. ಇಂಥವಕ್ಕೆ ನೆಲದ ಭಂಗಿಗೊಂದು, ಹಾರಾಟದ ಭಂಗಿಗೊಂದು ಎಂದು ಎರಡು ಪಟ್ಟಿ ಮಾಡಬೇಕು. ಹಾರಾಟದ ಪಟ್ಟಿಗಾಗಿ ಬಾಲವನ್ನು ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸಿ ಸುರಿಯಬೇಕು.

ಲೋಹದ ಟ್ಯಾಂಕಿನ ಬದಲು ರಬ್ಬರ್ ಚೀಲ ಇರುವ ವಿಮಾನಗಳಲ್ಲಿ ಮೊದಲು ನೋಡಬೇಕಾದದ್ದು ಚೀಲವನ್ನೇ. ಚೀಲವನ್ನು ರೆಕ್ಕೆಗೆ ಹಿಡಿದಿಟ್ಟ ಗುಂಡಿಗಳು ಬಿಚ್ಚಿಕೊಂಡು ತಳ ಮೇಲೆದ್ದರೆ ಅದು ಫ್ಲೋಟನ್ನೂ ಎತ್ತಿ ಹಿಡಿಯುತ್ತದೆ. ಚೀಲದಲ್ಲಿ ಹಿಡಿಸುವುದು ಕಡಿಮೆಯಾಗಿರುತ್ತದೆ, ಗೇಜು ಮಾತ್ರ ಭರ್ತಿ ತೋರಿಸುತ್ತಿರುತ್ತದೆ. ಇದನ್ನು ಯಾವ ಕ್ಯಾಲಿಬ್ರೇಷನ್ನೂ ಸರಿಪಡಿಸಲಾರದು.

ಸೊನ್ನೆ ಎಂದರೆ ಎಲ್ಲಿ?

ಟ್ಯಾಂಕಿನ ಕೊನೆಯ ಹನಿಯವರೆಗೂ ಎಂಜಿನ್ನಿಗೆ ಸಿಗುವುದಿಲ್ಲ. ಹೊರಹರಿವಿನ ಬಾಯಿಗಿಂತ ಕೆಳಗೆ ನಿಂತದ್ದು, ವಿಮಾನ ವಾಲಿದಾಗ ಬಾಯಿಂದ ದೂರ ಸರಿಯುವುದು ಲೆಕ್ಕಕ್ಕಿಲ್ಲ. ಇದು ಬಳಸಲಾಗದ ಇಂಧನ. ಪ್ರತಿ ಮಾದರಿಗೂ ಇದನ್ನು ತಯಾರಕರು ಪರೀಕ್ಷೆ ಮಾಡಿ ಗೊತ್ತುಮಾಡಿರುತ್ತಾರೆ. ಸೆಸ್ನಾ 172ಎಸ್‌ನಲ್ಲಿ ಒಟ್ಟು 56 ಅಮೆರಿಕನ್ ಗ್ಯಾಲನ್ ಹಿಡಿಸುತ್ತದೆ, ಬಳಕೆಗೆ ಸಿಗುವುದು 53. ಉಳಿದ 3 ಗ್ಯಾಲನ್ ಎಂದರೆ ಸುಮಾರು 11 ಲೀಟರ್. ಆ ವಿಮಾನಕ್ಕೆ ತಾಸಿಗೆ 35 ಲೀಟರಿನ ಆಸುಪಾಸು ಬೇಕು. ಅಂದರೆ ಸೊನ್ನೆಯನ್ನು ತಪ್ಪು ಜಾಗದಲ್ಲಿ ಇಟ್ಟರೆ ಪೈಲಟ್‌ಗೆ ಸುಮಾರು ಹತ್ತೊಂಬತ್ತು ನಿಮಿಷದ ಸುಳ್ಳು ಭರವಸೆ ಕೊಟ್ಟಂತೆ.

ಅಮೆರಿಕದ ಲಘು ವಿಮಾನ ನಿಯಮಗಳ 23ನೇ ಭಾಗ ಇದನ್ನು ಸ್ಪಷ್ಟವಾಗಿ ಹೇಳುತ್ತಿತ್ತು: ಸಮತಟ್ಟಾಗಿ ಹಾರುವಾಗ ಟ್ಯಾಂಕಿನಲ್ಲಿ ಬಳಸಲಾಗದ ಇಂಧನವಷ್ಟೇ ಉಳಿದಾಗ ಗೇಜು ಸೊನ್ನೆ ತೋರಬೇಕು. ಈ ಒಂದು ವಾಕ್ಯದಿಂದ, ಗೇಜು ಸೊನ್ನೆಯಲ್ಲಿ ಸರಿಯಿದ್ದರೆ ಸಾಕು, ಮಿಕ್ಕ ಕಡೆ ಹೇಗಿದ್ದರೂ ನಡೆಯುತ್ತದೆ ಎಂಬ ತಪ್ಪು ತಿಳಿವಳಿಕೆ ಹಬ್ಬಿತು. ಅದೇ ನಿಯಮ ಪ್ರತಿ ಟ್ಯಾಂಕಿನಲ್ಲೂ ಬಳಕೆಗೆ ಸಿಗುವ ಇಂಧನ ಎಷ್ಟಿದೆ ಎಂದು ಹಾರಾಟದಲ್ಲಿ ತೋರಿಸುವ ವ್ಯವಸ್ಥೆ ಇರಬೇಕೆಂದೂ ಹೇಳಿತ್ತು. ಅದನ್ನು ಓದಿದವರು ಕಡಿಮೆ. 2017ರಲ್ಲಿ 23ನೇ ಭಾಗವನ್ನು ಹೊಸದಾಗಿ ಬರೆದಾಗ ವಿವರಗಳು ಹೋಗಿ ಮಾತು ಸಾಮಾನ್ಯ ರೂಪಕ್ಕೆ ಬಂತು. ಹಳೆಯ ನಿಯಮದಡಿ ಮಾನ್ಯತೆ ಪಡೆದ ಸಾವಿರಾರು ವಿಮಾನಗಳು ಈಗಲೂ ಹಾರುತ್ತಿವೆ, ಅವುಗಳ ಸೊನ್ನೆ ಹಳೆಯ ಸೊನ್ನೆಯೇ.

ಸೆಸ್ನಾ 172ರಲ್ಲಿ ಕೆಲಸ ನಡೆಯುವ ಕ್ರಮ

1955ರಲ್ಲಿ ಮೊದಲು ಹಾರಿದ ಸೆಸ್ನಾ 172 ಜಗತ್ತಿನಲ್ಲೇ ಅತಿ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ವಿಮಾನ. ಭಾರತದ ಹಾರಾಟ ಶಾಲೆಗಳಲ್ಲೂ ಬಳಕೆಯಲ್ಲಿದೆ. ಕೆಲಸದ ವಿವರಕ್ಕೆ ಅದೇ ಒಳ್ಳೆಯ ಉದಾಹರಣೆ.

ಮೊದಲ ಹೆಜ್ಜೆ ಟ್ಯಾಂಕು ಬರಿದು ಮಾಡುವುದು. ಇದು ಬಯಲಿನಲ್ಲಿ ಅಥವಾ ಗಾಳಿಯಾಡುವ ಜಾಗದಲ್ಲಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಂತೆ ಇಟ್ಟುಕೊಂಡು ಆಗಬೇಕು. ಸುರಿಯುವ ಕ್ಯಾನು, ಲಾಳಿಕೆ, ವಿಮಾನ ಮೂರನ್ನೂ ತಂತಿಯಿಂದ ಒಂದಕ್ಕೊಂದು ಜೋಡಿಸಿ ನೆಲಕ್ಕೆ ಅರ್ಥ್ ಮಾಡಿರಬೇಕು. ಹರಿಯುವ ಪೆಟ್ರೋಲಿನಿಂದಲೇ ಸ್ಥಾಯಿ ವಿದ್ಯುತ್ ಹುಟ್ಟುತ್ತದೆ, ಪ್ಲಾಸ್ಟಿಕ್ ಲಾಳಿಕೆಯಿಂದ ಅದು ಇಳಿದು ಹೋಗುವುದಿಲ್ಲ.

ಎರಡನೆಯದು ಮಟ್ಟ. ವಿಮಾನದ ಬಾಲದ ಎಡಬದಿಯಲ್ಲಿ ಇದಕ್ಕೆಂದೇ ಎರಡು ಸ್ಕ್ರೂಗಳಿವೆ. ಅವುಗಳ ಮೇಲೆ ರಸಮಟ್ಟ ಇಟ್ಟು, ಮೂಗಿನ ಚಕ್ರದ ಗಾಳಿ ಇಳಿಸಿಯೋ ಸ್ಟ್ರಟ್ಟನ್ನು ಏರಿಳಿಸಿಯೋ ಗುಳ್ಳೆಯನ್ನು ನಡುವಿಗೆ ತರುತ್ತಾರೆ. ವಿಮಾನವನ್ನು ತೂಗುವಾಗಲೂ ಇದೇ ಕ್ರಮ, ಹಾಗಾಗಿ ತೂಕ ಮತ್ತು ಕ್ಯಾಲಿಬ್ರೇಷನ್ ಎರಡನ್ನೂ ಒಂದೇ ದಿನ ಇಟ್ಟುಕೊಳ್ಳುವವರು ಜಾಣರು. ರೆಕ್ಕೆಗಳೂ ಅಡ್ಡಲಾಗಿ ಸಮ ಇರಬೇಕು. ಒಂದು ಚಕ್ರದಲ್ಲಿ ಗಾಳಿ ಕಡಿಮೆ ಇದ್ದರೂ ಒಂದು ಟ್ಯಾಂಕು ಹೆಚ್ಚು, ಇನ್ನೊಂದು ಕಡಿಮೆ ಓದುತ್ತದೆ.

ಇಲ್ಲಿ ಸುಲಭವಾಗಿ ಮರೆಯುವ ಒಂದು ಸಂಗತಿ ಇದೆ. 172ರ ಇಂಧನ ಸೆಲೆಕ್ಟರ್ ಎರಡೂ ಟ್ಯಾಂಕಿಗೆ ತೆರೆದಿರುವ ಸ್ಥಾನದಲ್ಲಿದ್ದರೆ ಎಡಕ್ಕೆ ಸುರಿದದ್ದು ಕೊಳವೆಗಳ ಮೂಲಕ ಮೆಲ್ಲಗೆ ಬಲಕ್ಕೂ ಸೇರುತ್ತದೆ. ಹತ್ತು ಗ್ಯಾಲನ್ ಸುರಿದವನು ಎಂಟರ ಮಟ್ಟಕ್ಕೆ ಹತ್ತು ಎಂದು ಗುರುತು ಹಾಕಿಕೊಂಡಿರುತ್ತಾನೆ. ಸೆಲೆಕ್ಟರನ್ನು ಒಂದೇ ಬದಿಗೆ ತಿರುಗಿಸಿಟ್ಟ ಮೇಲೆಯೇ ಸುರಿಯಲು ತೊಡಗಬೇಕು.

ಈಗ ಬಳಸಲಾಗದ ಪ್ರಮಾಣವನ್ನು, ಅಂದರೆ ಪ್ರತಿ ಟ್ಯಾಂಕಿಗೆ 1.5 ಗ್ಯಾಲನ್, ಸುಮಾರು 5.7 ಲೀಟರ್, ಸುರಿದು ಇಂಧನ ನಿಶ್ಚಲವಾಗುವವರೆಗೆ ಕಾಯುತ್ತಾರೆ. ಆಮೇಲೆ ಮುಚ್ಚಳ ಹಾಕಿ ಮಾಸ್ಟರ್ ಸ್ವಿಚ್ ಒತ್ತುತ್ತಾರೆ. ಬಂದ ಓದು ಸೊನ್ನೆ. ಹಳೆಯ ಮುಳ್ಳಿನ ಗೇಜಾದರೆ ಫ್ಲೋಟಿನ ತೋಳನ್ನು ಬಗ್ಗಿಸಿಯೋ ಗೇಜಿನ ಹಿಂದಿನ ಸ್ಕ್ರೂ ತಿರುಗಿಸಿಯೋ ಮುಳ್ಳನ್ನು ಸೊನ್ನೆಗೆ ತರುತ್ತಾರೆ. ಎಲೆಕ್ಟ್ರಾನಿಕ್ ಪರದೆಯಾದರೆ ಆ ಸಂಕೇತಕ್ಕೆ ಸೊನ್ನೆ ಎಂದು ದಾಖಲಿಸುತ್ತಾರೆ. ಸ್ವಿಚ್ ಆರಿಸಿ ಮುಂದಿನ ಕಂತು ಸುರಿಯುತ್ತಾರೆ. ಸುರಿಯುವಾಗ ವಿದ್ಯುತ್ ಇರಕೂಡದು, ಓದುವಾಗ ಮಾತ್ರ ಇರಬೇಕು. ಬೇಸರ ತರಿಸುವ ಈ ಆರಿಸು-ಹಚ್ಚು ಕ್ರಮವನ್ನು ಯಾರೂ ಮೊಟಕು ಮಾಡಬಾರದು.

ಕಂತುಗಳು ಸಮ ಇರಬೇಕೆಂದಿಲ್ಲ. ಕೆಳಗಿನ ಕಾಲು ಭಾಗದಲ್ಲಿ ಒಂದೊಂದೇ ಗ್ಯಾಲನ್, ಮೇಲೆ ಹೋದಂತೆ ಐದೈದು ಎಂದು ಇಟ್ಟುಕೊಳ್ಳುವುದು ನನಗೆ ಸರಿ ಕಾಣುತ್ತದೆ. ಪೈಲಟ್‌ಗೆ ನಿಖರತೆ ಬೇಕಾಗುವುದು ತಳದಲ್ಲಿ. 172ಎಸ್‌ನಲ್ಲಿ ಇಂಧನ ಕಡಿಮೆಯಾಗಿದೆ ಎಂಬ ಎಚ್ಚರಿಕೆ ದೀಪ ಹತ್ತುವುದು ಒಂದು ಟ್ಯಾಂಕಿನಲ್ಲಿ ಸುಮಾರು 5 ಗ್ಯಾಲನ್ನಿಗಿಂತ ಕಡಿಮೆಯಾಗಿ, ಆ ಸ್ಥಿತಿ 60 ಸೆಕೆಂಡಿಗಿಂತ ಹೆಚ್ಚು ಹೊತ್ತು ಉಳಿದಾಗ. ತಿರುವುಗಳಲ್ಲಿ ಇಂಧನ ಅತ್ತಿತ್ತ ಬಡಿದಾಡಿದರೆ ದೀಪ ಸುಮ್ಮಸುಮ್ಮನೆ ಮಿನುಗದಿರಲಿ ಎಂದು ಆ ನಿಮಿಷದ ತಡೆ. ಆ ದೀಪ ಹತ್ತಬೇಕಾದ ಗುರುತೂ ಇದೇ ಕ್ಯಾಲಿಬ್ರೇಷನ್ನಿನ ಮೇಲೆ ನಿಂತಿದೆ.

ಸುರಿಯುವ ಪ್ರಮಾಣವನ್ನು ಅಳೆಯಲು ಕ್ಯಾನಿನ ಗೆರೆಗಿಂತ ತಕ್ಕಡಿ ಮೇಲು. ಏವ್‌ಗ್ಯಾಸ್, ಅಂದರೆ ವಿಮಾನದ ಪೆಟ್ರೋಲು, ಲೀಟರಿಗೆ ಸುಮಾರು 0.72 ಕಿಲೋ ತೂಗುತ್ತದೆ. 5 ಗ್ಯಾಲನ್, ಅಂದರೆ ಹತ್ತಿರಹತ್ತಿರ 19 ಲೀಟರ್, 13.6 ಕಿಲೋ ಆಗುತ್ತದೆ. ಹೈಡ್ರೋಮೀಟರಿನಿಂದ ಆ ದಿನದ ಸಾಂದ್ರತೆ ನೋಡಿಕೊಂಡು ತೂಗಿದರೆ ಕ್ಯಾನಿನ ಉಬ್ಬು ತಗ್ಗು, ನೊರೆ, ಕಣ್ಣಂದಾಜು ಯಾವುದೂ ಅಡ್ಡ ಬರುವುದಿಲ್ಲ.

ವಿದ್ಯುತ್ತಿನ ಒತ್ತಡವನ್ನೂ ನೋಡಿಕೊಳ್ಳಬೇಕು. ಎಂಜಿನ್ ನಿಂತಿರುವಾಗ ಬ್ಯಾಟರಿಯಲ್ಲಿ 12 ವೋಲ್ಟಿನ ಆಸುಪಾಸು ಇದ್ದರೆ, ಆಲ್ಟರ್ನೇಟರ್ ಓಡುವಾಗ 14 ಇರುತ್ತದೆ; 24 ವೋಲ್ಟಿನ ವಿಮಾನದಲ್ಲಿ 28. ಒಂದಕ್ಕೊಂದು ಅಡ್ಡಲಾಗಿ ಕೂರಿಸಿದ ಸುರುಳಿಗಳಿರುವ ಗೇಜುಗಳಿಗೆ ಇದು ಅಷ್ಟಾಗಿ ತಟ್ಟುವುದಿಲ್ಲ, ಸರಳ ಗೇಜುಗಳಲ್ಲಿ ಮುಳ್ಳು ಕಣ್ಣಿಗೆ ಕಾಣುವಷ್ಟು ಸರಿಯುತ್ತದೆ. ಹೊರಗಿನ ವಿದ್ಯುತ್ ಮೂಲ ಹಾಕಿ ಹಾರಾಟದ ವೋಲ್ಟೇಜಿನಲ್ಲೇ ಓದುವುದು ಸರಿಯಾದ ಪದ್ಧತಿ.

ಪೂರ್ತಿ ತುಂಬಿದ ಮೇಲೆ ಕೆಲಸ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಟ್ಯಾಂಕು ಹಾರಾಟದಲ್ಲಿ ಬರಿದಾಗುತ್ತದೆಯೇ ಹೊರತು ತುಂಬುವುದಿಲ್ಲ. ತೋಳಿನ ಕೀಲು ಬಿಗಿಯಾಗಿದ್ದರೆ ಏರುವಾಗಿನ ಓದು ಒಂದು, ಇಳಿಯುವಾಗಿನದು ಇನ್ನೊಂದು. ಕೆಲವು ಲೀಟರುಗಳನ್ನು ವಾಪಸ್ ತೆಗೆದು ಅದೇ ಗುರುತುಗಳಲ್ಲಿ ಮತ್ತೆ ಓದಬೇಕು. ಎರಡೂ ಒಂದಾಗಿದ್ದರೆ ಸೆಂಡರ್ ಸುಸ್ಥಿತಿಯಲ್ಲಿದೆ. ವ್ಯತ್ಯಾಸ ದೊಡ್ಡದಾಗಿದ್ದರೆ ಪಟ್ಟಿ ತಿದ್ದುವುದು ಬಿಟ್ಟು ಸೆಂಡರನ್ನೇ ಬದಲಿಸಬೇಕು.

ಇಂಧನ ಬದಲಾದರೆ

ಪೆಟ್ರೋಲು 10 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ನೂರಕ್ಕೆ ಒಂದರಷ್ಟು ಹಿಗ್ಗುತ್ತದೆ. ಬೆಳಗಿನ 15 ಡಿಗ್ರಿಯ 100 ಲೀಟರ್ ಮಧ್ಯಾಹ್ನದ 35ರಲ್ಲಿ 102 ಆಗುತ್ತದೆ. ಹೆಚ್ಚಾದದ್ದು ಗಾತ್ರ, ಶಕ್ತಿಯಲ್ಲ. ಫ್ಲೋಟ್ ಈ ಹಿಗ್ಗನ್ನು ಇಂಧನವೆಂದೇ ಓದುತ್ತದೆ. ಕೆಪ್ಯಾಸಿಟೆನ್ಸ್ ಸೆನ್ಸರಿನಲ್ಲಿ ಮಟ್ಟ ಏರಿದಂತೆ ಇಂಧನದ ವಿದ್ಯುತ್ ಗುಣ ಸಾಂದ್ರತೆಯ ಜೊತೆ ಇಳಿಯುವುದರಿಂದ ಒಂದು ಇನ್ನೊಂದನ್ನು ಸ್ವಲ್ಪ ಮಟ್ಟಿಗೆ ಸರಿದೂಗಿಸುತ್ತದೆ. ದೊಡ್ಡ ವಿಮಾನಗಳು ಈ ಸೆನ್ಸರ್ ಬಳಸಿ ಇಂಧನವನ್ನು ಕಿಲೋ ಲೆಕ್ಕದಲ್ಲಿ ತೋರಿಸುವುದರ ಹಿಂದೆ ಈ ಅನುಕೂಲವೂ ಇದೆ.

ಆದರೆ ಎಥನಾಲ್ ಬೆರೆತರೆ ಇದೇ ಸೆನ್ಸರ್ ದಾರಿ ತಪ್ಪುತ್ತದೆ. ಪೆಟ್ರೋಲಿನ ಡೈಎಲೆಕ್ಟ್ರಿಕ್ ಬೆಲೆ, ಅಂದರೆ ಅದು ಧಾರಣಶಕ್ತಿಯನ್ನು ಎಷ್ಟು ಪಟ್ಟು ಮಾಡುತ್ತದೆ ಎಂಬ ಅಂಕಿ, ಸುಮಾರು 2, ಎಥನಾಲಿನದು 24ರ ಆಸುಪಾಸು, ನೀರಿನದು 80. ಏವ್‌ಗ್ಯಾಸಿನಲ್ಲಿ ಕ್ಯಾಲಿಬ್ರೇಟ್ ಮಾಡಿದ ಟ್ಯಾಂಕಿಗೆ ಎಥನಾಲ್ ಬೆರೆತ ಪೆಟ್ರೋಲು ಹಾಕಿದರೆ ಅರ್ಧ ಟ್ಯಾಂಕೂ ಭರ್ತಿಯಂತೆ ಕಾಣಬಹುದು. ತಪ್ಪು ನಡೆಯುವುದು ಅತಿ ಕೆಟ್ಟ ದಿಕ್ಕಿನಲ್ಲಿ. ಭಾರತದಲ್ಲಿ ಈ ಮಾತಿಗೆ ತೂಕ ಹೆಚ್ಚು. ಶೇ. 20ರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಮೋಟಾರು ಪೆಟ್ರೋಲಿನಲ್ಲಿ ಓಡಬಲ್ಲ ರೋಟ್ಯಾಕ್ಸ್ 912 ಎಂಜಿನ್‌ಗಳಿಗೆ ತಯಾರಕರು ಒಪ್ಪಿರುವ ಎಥನಾಲ್ ಮಿತಿ ಶೇ. 10. ಬೆಂಗಳೂರಿನ ಎನ್‌ಎಎಲ್ ಸಂಸ್ಥೆ ರೂಪಿಸಿ 2021ರ ಸೆಪ್ಟೆಂಬರ್ 3ರಂದು ಮೊದಲು ಹಾರಿದ ತರಬೇತಿ ವಿಮಾನ ಹಂಸ-ಎನ್‌ಜಿಯ ಎಂಜಿನ್ನೂ ಈ 912 ಸಾಲಿನದೇ. ಇನ್ನು ಏವ್‌ಗ್ಯಾಸಿನ ವಿಷಯಕ್ಕೆ ಬಂದರೆ, 2022ರ ಸೆಪ್ಟೆಂಬರಿನಲ್ಲಿ ಇಂಡಿಯನ್ ಆಯಿಲ್ ಕಂಪನಿ ದೇಶದಲ್ಲೇ ತಯಾರಾದ ಏವ್‌ಗ್ಯಾಸ್ 100ಎಲ್‌ಎಲ್ ಬಿಡುಗಡೆ ಮಾಡಿತು. ಅದಕ್ಕೆ ಮುಂಚೆ ಹಾರಾಟ ಶಾಲೆಗಳು ಆಮದನ್ನೇ ನಂಬಿದ್ದವು. ಇಂಧನದ ಬಗೆ ಬದಲಾದರೆ ಕೆಪ್ಯಾಸಿಟೆನ್ಸ್ ಸೆನ್ಸರಿನ ಹಳೆಯ ಪಟ್ಟಿಯನ್ನು ಮುಂದುವರಿಸುವಂತಿಲ್ಲ.

ತಪ್ಪಿದಾಗ

ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2017ರಲ್ಲಿ ಹೊರಡಿಸಿದ ಎಚ್ಚರಿಕೆಯ ಪ್ರಕಾರ, 2011ರಿಂದ 2015ರ ಅವಧಿಯಲ್ಲಿ ಇಂಧನ ನಿರ್ವಹಣೆಯ ತಪ್ಪಿನಿಂದ ಅಲ್ಲಿ ವರ್ಷಕ್ಕೆ ಸರಾಸರಿ 50ಕ್ಕಿಂತ ಹೆಚ್ಚು ಅಪಘಾತಗಳಾದವು. ಅವುಗಳಲ್ಲಿ ಶೇ. 56 ಇಂಧನ ಪೂರ್ತಿ ಮುಗಿದು ಆದದ್ದು, ಶೇ. 35 ವಿಮಾನದಲ್ಲಿ ಇಂಧನ ಇದ್ದೂ ಎಂಜಿನ್ನಿಗೆ ತಲುಪದೆ ಆದದ್ದು. ಉಪಕರಣದ ದೋಷದ ಪಾಲು ಶೇ. 5 ಮಾತ್ರ. ಗೇಜಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ ಎಂದು ಕೆಲವರು ಇದನ್ನು ಓದುತ್ತಾರೆ. ನಂಬಬಹುದಾದ ಗೇಜು ಎದುರಿಗಿದ್ದರೆ ಉಳಿದ ತಪ್ಪುಗಳಲ್ಲೂ ಎಷ್ಟೋ ಸಮಯಕ್ಕೆ ಸರಿಯಾಗಿ ಬಯಲಾಗುತ್ತಿದ್ದವು ಎಂದೇ ಅದನ್ನು ಓದಬೇಕು.

ಬೇರೆ ಟ್ಯಾಂಕಿನ ಕ್ಯಾಲಿಬ್ರೇಷನ್ ಏನು ಮಾಡಬಲ್ಲದು ಎಂಬುದಕ್ಕೆ ಅತ್ಯಂತ ದಾರುಣ ನಿದರ್ಶನ ಲಘು ವಿಮಾನದ್ದಲ್ಲ. 2005ರ ಆಗಸ್ಟ್ 6ರಂದು ಇಟಲಿಯ ಬಾರಿಯಿಂದ ಟುನೀಸಿಯಾದ ಜೆರ್ಬಾಕ್ಕೆ ಹೊರಟ ಟುನಿಂಟರ್ ಸಂಸ್ಥೆಯ ಎಟಿಆರ್-72 ಸಿಸಿಲಿಯ ಬಳಿ ಸಮುದ್ರಕ್ಕಿಳಿಯಿತು. ಒಳಗಿದ್ದ 39 ಮಂದಿಯಲ್ಲಿ 16 ಜನ ಸತ್ತರು. ಹಿಂದಿನ ದಿನ ಕೆಟ್ಟ ಇಂಧನ ಸೂಚಕವನ್ನು ಬದಲಿಸಿದಾಗ ಎಟಿಆರ್-42ರದನ್ನು ಕೂರಿಸಿದ್ದರು. ಎರಡೂ ನೋಡಲು ಒಂದೇ ತರಹ, ಕೂರುವುದೂ ಅದೇ ಜಾಗದಲ್ಲಿ. ಒಳಗಿನ ಲೆಕ್ಕ ಮಾತ್ರ ಇನ್ನೊಂದು ಮಾದರಿಯ ಟ್ಯಾಂಕಿನದು. ಎಂಜಿನ್‌ಗಳು ನಿಂತಾಗಲೂ ಸೂಚಕ ಸಾಕಷ್ಟು ಇಂಧನ ತೋರಿಸುತ್ತಿತ್ತು.

1983ರ ಜುಲೈ 23ರಂದು ಏರ್ ಕೆನಡಾದ ಬೋಯಿಂಗ್ 767 ಆಕಾಶದಲ್ಲೇ ಇಂಧನ ಮುಗಿದು ಮ್ಯಾನಿಟೋಬಾದ ಗಿಮ್ಲಿಯಲ್ಲಿ ಗ್ಲೈಡರಿನಂತೆ ಇಳಿದದ್ದು ಬೇರೆ ಬಗೆಯ ತಪ್ಪು. ಗೇಜು ಕೆಟ್ಟಿದ್ದರಿಂದ ಕಡ್ಡಿಯಿಂದ ಅಳೆದರು, ಅಳತೆ ಸರಿಯಿತ್ತು. ಲೀಟರನ್ನು ಕಿಲೋಗೆ ತಿರುಗಿಸುವಾಗ ಪೌಂಡಿನ ಅಂಕಿಯಾದ 1.77ನ್ನು ಬಳಸಿದರು. ಅಳತೆಯ ಘಟಕಗಳ ಈ ಗೊಂದಲ ನಮಗೂ ತಪ್ಪಿದ್ದಲ್ಲ: ನಮ್ಮಲ್ಲಿ ಇಂಧನ ಬರುವುದು ಲೀಟರಿನಲ್ಲಿ, ಸೆಸ್ನಾದ ಗೇಜು ಬರೆದಿರುವುದು ಅಮೆರಿಕನ್ ಗ್ಯಾಲನ್ನಿನಲ್ಲಿ. ಕ್ಯಾಲಿಬ್ರೇಷನ್ ಪಟ್ಟಿಯಲ್ಲಿ ಎರಡನ್ನೂ ಅಕ್ಕಪಕ್ಕ ಬರೆದಿಡುವುದು ಒಳ್ಳೆಯದು.

ಜೊತೆಯ ಅಳತೆಗಳು

ಎಂಜಿನ್ನಿಗೆ ಹರಿಯುವ ಇಂಧನವನ್ನು ಪುಟ್ಟ ಟರ್ಬೈನಿನ ಸುತ್ತುಗಳಿಂದ ಎಣಿಸುವ ಟೋಟಲೈಸರ್ ಈಗ ಸಾಮಾನ್ಯವಾಗಿದೆ. ಹೆಚ್ಚು ಬಳಕೆಯಲ್ಲಿರುವ ಒಂದು ಸೆನ್ಸರ್ ಗ್ಯಾಲನ್ನಿಗೆ ಸುಮಾರು 68,000 ಮಿಡಿತ ಕೊಡುತ್ತದೆ. ಇದು ಖರ್ಚಾದದ್ದನ್ನು ಬಹಳ ನಿಖರವಾಗಿ ಹೇಳುತ್ತದೆ, ಉಳಿದದ್ದನ್ನು ಮಾತ್ರ ಪೈಲಟ್ ಮೊದಲಿಗೆ ಒತ್ತಿದ ಅಂಕಿಯಿಂದ ಕಳೆದು ಹೇಳುತ್ತದೆ. ಅರ್ಧ ಟ್ಯಾಂಕಿಗೆ ಭರ್ತಿ ಎಂದು ಒತ್ತಿದರೆ ಕೊನೆಯವರೆಗೂ ಆ ತಪ್ಪನ್ನೇ ಅಚ್ಚುಕಟ್ಟಾಗಿ ತೋರಿಸುತ್ತಿರುತ್ತದೆ. ಟೋಟಲೈಸರ್ ಮತ್ತು ಗೇಜು ಎರಡೂ ಒಂದೇ ಅಂಕಿಗೆ ಬರುತ್ತಿದ್ದರೆ ಎರಡನ್ನೂ ನಂಬಬಹುದು. ಗೇಜು ಬೇಗ ಇಳಿಯುತ್ತಿದ್ದರೆ ಸೋರಿಕೆ ಇದೆ ಎಂದೇ ಭಾವಿಸಿ ಹತ್ತಿರದ ರನ್‌ವೇಗೆ ತಿರುಗಬೇಕು.

ಸೆಂಡರ್, ಗೇಜು, ಇಂಧನದ ಬಗೆ ಇವುಗಳಲ್ಲಿ ಯಾವುದು ಬದಲಾದರೂ, ಟ್ಯಾಂಕನ್ನು ಬಿಚ್ಚಿ ಸೀಲ್ ಮಾಡಿದರೂ ಕ್ಯಾಲಿಬ್ರೇಷನ್ ಮತ್ತೆ ಮಾಡಬೇಕು. ಮಧ್ಯಂತರದಲ್ಲಿ ಸುಲಭದ ಪರೀಕ್ಷೆ ಒಂದಿದೆ: ಪ್ರತಿ ಸಲ ಇಂಧನ ತುಂಬಿಸುವ ಮುನ್ನ ಗೇಜಿನ ಓದನ್ನು ಬರೆದುಕೊಂಡು, ಭರ್ತಿಯಾಗಲು ಎಷ್ಟು ಹಿಡಿಸಿತು ಎಂಬುದರ ಜೊತೆ ಹೋಲಿಸುವುದು. ವ್ಯತ್ಯಾಸ ತಿಂಗಳಿಂದ ತಿಂಗಳಿಗೆ ಒಂದೇ ಕಡೆಗೆ ಬೆಳೆಯುತ್ತಿದ್ದರೆ ಸುರುಳಿ ಸವೆಯುತ್ತಿದೆ ಅಥವಾ ಫ್ಲೋಟ್ ಇಂಧನ ಹೀರುತ್ತಿದೆ. ವಿಮಾನದ ಲಾಗ್‌ಬುಕ್ಕಿನಲ್ಲಿ ದಿನಾಂಕ, ವಿಮಾನದ ಭಂಗಿ, ಇಂಧನದ ಬಗೆ, ವೋಲ್ಟೇಜು ಮತ್ತು ಪ್ರತಿ ಕಂತಿನ ಓದನ್ನು ದಾಖಲಿಸಿ ಇಂಜಿನಿಯರ್ ಸಹಿ ಹಾಕುತ್ತಾರೆ. ಅದರ ಒಂದು ಚಿಕ್ಕ ಪ್ರತಿ ಗೇಜಿನ ಪಕ್ಕದಲ್ಲಿ ಇರುತ್ತದೆ.